ದಿನಕ್ಕೊಂದು ಮಿಲಿಮೀಟರ್

ಮಂಗಳೂರಿನ ಕಂಕನಾಡಿಯಲ್ಲಿ 1890ರಲ್ಲಿ ಒಂದು ಚಿಕ್ಕ ಆಶ್ರಯಧಾಮ ತೆರೆಯಿತು. ಸಂತ ಜೋಸೆಫರ ಹೆಸರಿನ ಆ ಧಾಮ ಕುಷ್ಠರೋಗಿಗಳಿಗೆಂದೇ ಮೀಸಲು. ತೆರೆದವರು ಅಗಸ್ಟಸ್ ಮುಲ್ಲರ್ ಎಂಬ ಜರ್ಮನ್ ಜೆಸ್ವಿಟ್ ಪಾದ್ರಿ. 1878ರಲ್ಲಿ ಮಂಗಳೂರಿಗೆ ಬಂದ ಅವರು, 1880ರಲ್ಲಿ ಆಲದ ಮರದ ನೆರಳಿನಲ್ಲಿ ಹೋಮಿಯೋಪಥಿ ಔಷಧಿಯ ಪೆಟ್ಟಿಗೆ ಇಟ್ಟುಕೊಂಡು ಬಡವರಿಗೆ ಮದ್ದು ಕೊಡತೊಡಗಿದರೆಂಬುದು ಆ ಊರಿನವರೆಲ್ಲ ಹೇಳುವ ಕಥೆ. ಆ ಪೆಟ್ಟಿಗೆಯೇ ಬೆಳೆದು ಬೆಳೆದು ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆಯೂ ವೈದ್ಯಕೀಯ ಕಾಲೇಜೂ ಆಗಿವೆ.

ಆದರೆ 1890ರಲ್ಲಿ ಅಲ್ಲಿಗೆ ಬಂದ ರೋಗಿಗಳಿಗೆ ಕೊಡಲು ನಿಜವಾದ ಔಷಧಿ ಯಾರ ಪೆಟ್ಟಿಗೆಯಲ್ಲಿಯೂ ಇರಲಿಲ್ಲ. ಹೋಮಿಯೋಪಥಿಯಲ್ಲೂ ಇಲ್ಲ, ಅಲೋಪಥಿಯಲ್ಲೂ ಇಲ್ಲ. ಪಶ್ಚಿಮಘಟ್ಟದ ತೊರೆಗಳ ದಂಡೆಯಲ್ಲಿ ಬೆಳೆಯುವ ಗರುಡಫಲದ ಮರದ ಬೀಜದಿಂದ ತೆಗೆದ ಎಣ್ಣೆ ಮತ್ತು ಅದರ ಜಾತಿಯ ಚಾಲ್‌ಮೋಗ್ರಾ ಎಣ್ಣೆ, ಇವೇ ಅಂದಿನ ದೊಡ್ಡ ಮದ್ದು. 1940ರ ದಶಕದವರೆಗೂ ಜಗತ್ತಿನಾದ್ಯಂತ ಕುಷ್ಠಧಾಮಗಳಲ್ಲಿ ಇದನ್ನು ಹಚ್ಚಿದರು, ಕುಡಿಸಿದರು, ಚುಚ್ಚಿದರು. ರೋಗಿಗಳಿಗೆ ವಾಕರಿಕೆ ಬಂತೇ ಹೊರತು ಗುಣ ಬಂದದ್ದು ಕಡಿಮೆ. ಕಂಕನಾಡಿಯ ಧಾಮ ಕೊಟ್ಟದ್ದು ಮುಖ್ಯವಾಗಿ ತಲೆಯ ಮೇಲೊಂದು ಸೂರು, ಎರಡು ಹೊತ್ತಿನ ಗಂಜಿ, ಹುಣ್ಣಿಗೊಂದು ಪಟ್ಟಿ. ಊರಿನಿಂದ ಹೊರದೂಡಿಸಿಕೊಂಡವರಿಗೆ ಅದೇನೂ ಸಣ್ಣ ಸಂಗತಿಯಲ್ಲ.

ಬೆರಳುಗಳು ಕೊಳೆತು ಉದುರುವ ರೋಗ ಇದು ಎಂಬುದು ಆಗಿನ ನಂಬಿಕೆ. ಈಗಲೂ ಹಲವರ ನಂಬಿಕೆ ಅದೇ. ಅದು ಶುದ್ಧ ತಪ್ಪು. ಕುಷ್ಠದಲ್ಲಿ ಬೆರಳು ಕೊಳೆಯುವುದೂ ಇಲ್ಲ, ಉದುರುವುದೂ ಇಲ್ಲ. ಕುಷ್ಠ ಕಾಣಿಸುವುದು ಚರ್ಮದಲ್ಲಿ, ಕೆಡಿಸುವುದು ನರವನ್ನು. ಈ ರೋಗವನ್ನು ತಿಳಿಯಬೇಕಾದರೆ ನರ ಹೇಗೆ ಬೆಳೆಯುತ್ತದೆ, ಪೆಟ್ಟು ಬಿದ್ದಾಗ ಏನು ಮಾಡುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ನರಕೋಶದ ಆಕಾರವೇ ಒಂದು ವಿಚಿತ್ರ. ದೇಹದ ಉಳಿದ ಕೋಶಗಳು ಇಟ್ಟಿಗೆಯಂತೆಯೋ ಗೋಲಿಯಂತೆಯೋ ಇದ್ದರೆ, ಇದಕ್ಕೊಂದು ಉದ್ದನೆಯ ಬಾಲ. ಹೆಬ್ಬೆರಳಿನ ತುದಿಯ ಸ್ಪರ್ಶವನ್ನು ಸಾಗಿಸುವ ಕೋಶದ ಒಡಲು ಬೆನ್ನುಹುರಿಯ ಪಕ್ಕದಲ್ಲಿ, ಕತ್ತಿನ ಹತ್ತಿರ ಇರುತ್ತದೆ. ಕಾಲಿನ ಬೆರಳಿನದಾದರೆ ಸೊಂಟದ ಹತ್ತಿರ. ಅಲ್ಲಿಂದ ಒಂದೇ ಒಂದು ಎಳೆ ಸುಮಾರು ಒಂದು ಮೀಟರ್ ಇಳಿದು ಕಾಲಿನ ತುದಿ ಮುಟ್ಟುತ್ತದೆ. ಈ ಎಳೆಗೆ ಆಕ್ಸಾನ್ ಎಂದು ಹೆಸರು, ಕನ್ನಡದಲ್ಲಿ ನರತಂತು ಎನ್ನಬಹುದು. ಒಡಲಿನ ಅಡ್ಡಗಲ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ ಎಂದಿಟ್ಟುಕೊಳ್ಳಿ. ಅದನ್ನು ಸಿಪ್ಪೆ ಸುಲಿಯದ ತೆಂಗಿನಕಾಯಿಯಷ್ಟು ದೊಡ್ಡದು ಮಾಡಿ ಕಂಕನಾಡಿಯಲ್ಲಿ ಇಟ್ಟರೆ, ಅದರಿಂದ ಹೊರಟ ಬಾವಿಹಗ್ಗದಷ್ಟು ದಪ್ಪದ ಎಳೆ ನಾಲ್ಕು ಕಿಲೋಮೀಟರ್ ಉದ್ದವಾಗುತ್ತದೆ. ಹಂಪನಕಟ್ಟೆ ದಾಟಿ ಬಂದರಿನ ಧಕ್ಕೆಯವರೆಗೆ ಎಳೆದು ಹಾಸುವಷ್ಟು.

ಆ ನಾಲ್ಕು ಕಿಲೋಮೀಟರ್ ಹಗ್ಗವನ್ನು ಸಾಕಿ ಸಲಹುವ ಹೊಣೆ ತೆಂಗಿನಕಾಯಿಯದ್ದೇ. ಎಳೆಗೆ ಬೇಕಾದ ಪ್ರೊಟೀನುಗಳ ಬಹುಪಾಲು ತಯಾರಾಗುವುದು ಒಡಲಿನಲ್ಲಿ. ಅಲ್ಲಿಂದ ಅವು ಎಳೆಯೊಳಗಿನ ಸೂಕ್ಷ್ಮ ಹಳಿಗಳ ಮೇಲೆ ಸಾಗಬೇಕು. ಕೆಲವು ಸರಕುಗಳಿಗೆ ಎಕ್ಸ್‌ಪ್ರೆಸ್ ಬಸ್ಸು ಇದೆ, ದಿನಕ್ಕೆ 400 ಮಿಲಿಮೀಟರ್ ಓಡುತ್ತದೆ. ಎಳೆಯ ಗೋಡೆ, ಚೌಕಟ್ಟು ಕಟ್ಟುವ ಸಾಮಾನು ಮಾತ್ರ ಎತ್ತಿನಗಾಡಿಯಲ್ಲಿ, ದಿನಕ್ಕೆ ಒಂದೆರಡು ಮಿಲಿಮೀಟರ್. ಈ ಎತ್ತಿನಗಾಡಿಯ ವೇಗ ನೆನಪಿರಲಿ. ಮುಂದೆ ಬೇಕಾಗುತ್ತದೆ.

ಇನ್ನು ಎಳೆ ಒಂಟಿಯಲ್ಲ. ಅದರ ಉದ್ದಕ್ಕೂ ಇನ್ನೊಂದು ಬಗೆಯ ಕೋಶಗಳು ಸಾಲುಗಟ್ಟಿ ಅದನ್ನು ತಬ್ಬಿ ಕುಳಿತಿರುತ್ತವೆ. ಪಿ.ಯು.ಸಿ. ಜೀವಶಾಸ್ತ್ರ ಓದಿದವರಿಗೆ ಶ್ಲೈಡೆನ್ ಮತ್ತು ಶ್ವಾನ್ ಹೆಸರು ಗೊತ್ತು, ಜೀವಿಗಳೆಲ್ಲ ಕೋಶಗಳಿಂದಾದವು ಎಂದು ಸಾರಿದ ಜೋಡಿ. ಆ ಥಿಯೊಡೋರ್ ಶ್ವಾನ್ ನರದ ಮೇಲೆ ಕಂಡ ಕೋಶಗಳಿಗೆ ಅವನದೇ ಹೆಸರು ನಿಂತಿದೆ. ಶ್ವಾನ್ ಕೋಶ ಕೆಲವು ಎಳೆಗಳ ಸುತ್ತ ಕೊಬ್ಬಿನ ಪದರವನ್ನು ಸುತ್ತಿ ಸುತ್ತಿ ವಿದ್ಯುತ್ ತಂತಿಯ ರಬ್ಬರಿನಂತೆ ಕಾಪಾಡುತ್ತದೆ. ಸಂದೇಶ ಓಡುವುದು ಇದರಿಂದಲೇ ಚುರುಕು. ಇದು ಪಠ್ಯಪುಸ್ತಕದಲ್ಲಿದೆ. ಇದರ ಇನ್ನೊಂದು ಕೆಲಸ ಇನ್ನೂ ಸ್ವಾರಸ್ಯದ್ದು. ಅದು ತಿಳಿಯಲು ಕಪ್ಪೆಯ ನಾಲಿಗೆಗೆ ಹೋಗಬೇಕು.

1850ರಲ್ಲಿ ಇಂಗ್ಲೆಂಡಿನ ಅಗಸ್ಟಸ್ ವಾಲರ್ ಎಂಬ ವೈದ್ಯ ಕಪ್ಪೆಯ ನಾಲಿಗೆಯ ನರಗಳನ್ನು ಕತ್ತರಿಸಿ, ಮುಂದೇನಾಗುತ್ತದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕುಳಿತ. ನಾಲಿಗೆಯನ್ನೇ ಆರಿಸಿದ್ದೇಕೆಂದರೆ ಅದು ತೆಳು, ಬೆಳಕು ಹಾಯುತ್ತದೆ. ಕತ್ತರಿಸಿದ ಜಾಗದಿಂದ ಆಚೆಗಿನ ಎಳೆ, ಅಂದರೆ ಒಡಲಿನೊಡನೆ ಸಂಪರ್ಕ ಕಡಿದುಕೊಂಡ ಭಾಗ, ಕೆಲವೇ ದಿನಗಳಲ್ಲಿ ತುಂಡುತುಂಡಾಗಿ ನಾಶವಾಯಿತು. ಈಚೆಗಿನ ಭಾಗ ಉಳಿಯಿತು. ಎಳೆಗೆ ಜೀವ ಬರುವುದು ಒಡಲಿನಿಂದ ಎಂಬುದು ಹೀಗೆ ಖಚಿತವಾಯಿತು. ಬಹುಕಾಲ ಎಲ್ಲರೂ ತಿಳಿದದ್ದು, ಆಹಾರ ಸಿಗದೆ ಎಳೆ ಒಣಗುತ್ತದೆ ಎಂದು. ಈಗ ಗೊತ್ತಾಗಿರುವುದು ಬೇರೆ. ಕಡಿದ ಎಳೆ ತನ್ನೊಳಗೇ ಇರುವ ಒಂದು ಯಂತ್ರವನ್ನು ಚಾಲೂ ಮಾಡಿ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಸಾರ್ಮ್-1 ಎಂಬ ಪ್ರೊಟೀನು ಅದರ ಗುಂಡಿ ಎಂದು 2012ರಲ್ಲಿ ಪತ್ತೆಯಾಯಿತು. ಆ ಪ್ರೊಟೀನು ಇಲ್ಲದ ಇಲಿಗಳಲ್ಲಿ ಕಡಿದ ಎಳೆ ವಾರಗಟ್ಟಲೆ ಹಾಗೆಯೇ ಇರುತ್ತದೆ.

ಎಳೆ ಅಳಿದ ಮೇಲೆ ಶ್ವಾನ್ ಕೋಶಗಳು ಸುಮ್ಮನಿರುವುದಿಲ್ಲ. ಸುತ್ತಿದ್ದ ಕೊಬ್ಬನ್ನು ಕಳಚಿ, ತಮ್ಮ ಪ್ರೌಢ ವೇಷವನ್ನು ಬಿಟ್ಟು ಮತ್ತೆ ಎಳೆಯ ಕೋಶಗಳಂತಾಗುತ್ತವೆ. ಸಂಖ್ಯೆಯಲ್ಲಿ ಹೆಚ್ಚುತ್ತವೆ. ರಕ್ತದಿಂದ ಕಸಗುಡಿಸುವ ಕೋಶಗಳನ್ನು ಕರೆಸಿ ಅವಶೇಷಗಳನ್ನು ತೆಗೆಸುತ್ತವೆ. ಬಳಿಕ ಖಾಲಿಯಾದ ಕೊಳವೆಯಲ್ಲಿ ಸಾಲಾಗಿ ನಿಂತು, ಹೊಸ ಎಳೆ ಬರಲೆಂದು ದಾರಿ ಹಾಸಿ, ಅದನ್ನು ಕರೆಯುವ ರಾಸಾಯನಿಕಗಳನ್ನೂ ಸುರಿಸುತ್ತವೆ.

ಈಚೆಗಿನ ತುಂಡಿನ ತುದಿಯಲ್ಲಿ ಆಗ ಒಂದು ಪುಟ್ಟ ಮೊಗ್ಗು ಒಡೆಯುತ್ತದೆ. ಭ್ರೂಣದಲ್ಲಿ ನರಗಳು ಮೊದಲ ಬಾರಿಗೆ ಬೆಳೆಯುವುದೂ ಇಂಥ ಮೊಗ್ಗಿನಿಂದಲೇ. ಅದನ್ನು ಮೊದಲು ಕಂಡವನು ಸ್ಪೇನಿನ ರಾಮೋನ್ ಇ ಕಹಾಲ್, ಕೋಳಿಮರಿಯ ಭ್ರೂಣದಲ್ಲಿ. ವರ್ಷ 1890, ಕಂಕನಾಡಿಯ ಧಾಮ ತೆರೆದ ಅದೇ ವರ್ಷ. ಸತ್ತ ಕೋಶಕ್ಕೆ ಬೆಳ್ಳಿಯ ಬಣ್ಣ ಹಾಕಿ ನೋಡಿದ ಕಹಾಲ್, ಅದು ಜೀವಂತವಾಗಿ ಹರಿದಾಡಿರಬೇಕು ಎಂದು ಊಹಿಸಿದ. 1907ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದ ನರದ ಚೂರನ್ನು ಒಂದು ಹನಿ ದ್ರವದಲ್ಲಿ ತೂಗುಬಿಟ್ಟು, ಎಳೆ ಬೆಳೆಯುವುದನ್ನು ಕಣ್ಣಾರೆ ಕಂಡ. ಕಹಾಲನ ಊಹೆ ನಿಜವಾಗಿತ್ತು. ಆ ಮೊಗ್ಗಿನಿಂದ ಸಣ್ಣ ಸಣ್ಣ ಬೆರಳುಗಳು ಚಾಚುತ್ತವೆ, ತಡವುತ್ತವೆ, ಹಿಡಿದು ನೋಡುತ್ತವೆ, ಬೇಡದ್ದನ್ನು ಬಿಡುತ್ತವೆ.

ದಕ್ಷಿಣ ಕನ್ನಡದ ತೋಟಗಳನ್ನು ಕಂಡವರಿಗೆ ಇದಕ್ಕೆ ಬೇರೆ ಉದಾಹರಣೆ ಬೇಡ. ಕಾಳುಮೆಣಸಿನ ಬಳ್ಳಿಯ ಕುಡಿ ಅಡಿಕೆ ಮರವನ್ನು ತಡವಿ ಹತ್ತುವುದು ಹೀಗೆಯೇ. ಮರ ಇದ್ದರೆ ಬಳ್ಳಿ ಏರುತ್ತದೆ, ಇಲ್ಲವಾದರೆ ನೆಲದಲ್ಲೇ ಸುರುಳಿ ಸುತ್ತುತ್ತದೆ. ನರದ ಕುಡಿಗೆ ಶ್ವಾನ್ ಕೋಶಗಳ ಸಾಲೇ ಅಡಿಕೆ ಮರ.

ಏರುವ ವೇಗವೆಷ್ಟು? ದಿನಕ್ಕೆ ಸುಮಾರು ಒಂದು ಮಿಲಿಮೀಟರ್, ಹೆಚ್ಚೆಂದರೆ ಎರಡು ಮೂರು. ಎತ್ತಿನಗಾಡಿಯ ವೇಗ ಎಂದದ್ದು ಇದಕ್ಕೇ. ಗೋಡೆ ಕಟ್ಟುವ ಸಾಮಾನು ಬಂದಷ್ಟೇ ಕಟ್ಟಡ ಮುಂದೆ ಹೋದೀತು. ತೆಂಗಿನಕಾಯಿಯ ಲೆಕ್ಕದಲ್ಲಿ ದಿನಕ್ಕೆ ನಾಲ್ಕು ಮೀಟರ್ ಹಗ್ಗ. ಕಂಕನಾಡಿಯಿಂದ ಧಕ್ಕೆ ತಲುಪಲು ಸಾವಿರ ದಿನ.

ಇದನ್ನು ತನ್ನ ಕೈಯ ಮೇಲೆಯೇ ಪರೀಕ್ಷಿಸಿದವನೊಬ್ಬನಿದ್ದ. ಲಂಡನ್ನಿನ ವೈದ್ಯ ಹೆನ್ರಿ ಹೆಡ್ 1903ರಲ್ಲಿ ಶಸ್ತ್ರವೈದ್ಯರಿಂದ ತನ್ನ ಎಡ ಮುಂಗೈಯ ಚರ್ಮದ ನರವನ್ನು ಬೇಕೆಂದೇ ಕತ್ತರಿಸಿಕೊಂಡ. ತುದಿಗಳನ್ನು ಸೇರಿಸಿ ಹೊಲಿದ ಮೇಲೆ ವರ್ಷಗಟ್ಟಲೆ, ಸ್ಪರ್ಶ ಯಾವಾಗ ಎಲ್ಲಿ ಮರಳುತ್ತದೆ ಎಂದು ಬರೆದಿಡುವ ಕೆಲಸ ನಡೆಯಿತು. ಬರೆದುಕೊಂಡವನು ಅವನ ಗೆಳೆಯ ಡಬ್ಲ್ಯು. ಎಚ್. ಆರ್. ರಿವರ್ಸ್. ಇಲ್ಲೇ ಪಕ್ಕದ ನೀಲಗಿರಿಯ ತೋಡರ ಬಗ್ಗೆ ಪುಸ್ತಕ ಬರೆದ ರಿವರ್ಸ್ ಅವನೇ. ಮೊದಲು ಮರಳಿದ್ದು ಒರಟಾದ ನೋವು ಮತ್ತು ಅತಿ ಬಿಸಿ, ಅತಿ ತಣ್ಣನೆಯ ಅರಿವು. ಹತ್ತಿಯ ಎಳೆ ಸೋಕಿದ್ದು ತಿಳಿಯುವಂಥ ನವಿರು ಸ್ಪರ್ಶ ಬಂದದ್ದು ಬಹಳ ತಡವಾಗಿ. ಇಂಥ ಪ್ರಯೋಗಕ್ಕೆ ಇಂದು ಯಾವ ನೈತಿಕ ಸಮಿತಿಯೂ ಒಪ್ಪಲಾರದು, ಮಕ್ಕಳು ಅನುಕರಿಸುವುದಂತೂ ಬೇಡವೇ ಬೇಡ.

ಒಂದು ಮಾತು ಇಲ್ಲೇ ಹೇಳಬೇಕು. ಇದೆಲ್ಲ ಕೈಕಾಲಿನ ನರಗಳ ಕಥೆ. ಮಿದುಳು ಮತ್ತು ಬೆನ್ನುಹುರಿಯೊಳಗೆ ಎಳೆ ಕಡಿದರೆ ಹೀಗೆ ಮತ್ತೆ ಬೆಳೆಯುವುದಿಲ್ಲ. ಕರಾವಳಿಯಲ್ಲಿ ಅಡಿಕೆ, ತೆಂಗಿನ ಮರದಿಂದ ಬಿದ್ದು ಬೆನ್ನು ಮುರಿದುಕೊಂಡವರ ಮನೆಯವರಿಗೆ ಈ ಕಹಿ ಗೊತ್ತು. ಅಲ್ಲಿ ಶ್ವಾನ್ ಕೋಶಗಳಿಲ್ಲ. ಅವುಗಳ ಜಾಗದಲ್ಲಿರುವ ಕೋಶಗಳು ದಾರಿ ಹಾಸುವ ಬದಲು ಬೇಲಿ ಹಾಕುತ್ತವೆ. 1981ರಲ್ಲಿ ಕೆನಡಾದ ಆಲ್ಬರ್ಟ್ ಅಗ್ವಾಯೋ ತಂಡ ಇಲಿಯ ಕಾಲಿನ ನರದ ತುಂಡನ್ನು ಅದರ ಬೆನ್ನುಹುರಿಗೆ ಕಸಿ ಮಾಡಿದಾಗ, ಬೆಳೆಯಲಾರದು ಎಂದುಕೊಂಡಿದ್ದ ಎಳೆಗಳು ಅದರೊಳಗೆ ಸೆಂಟಿಮೀಟರುಗಟ್ಟಲೆ ಬೆಳೆದವು. ಎಳೆಗೆ ಶಕ್ತಿಯಿದೆ, ಬೇಕಾದದ್ದು ದಾರಿ ಎಂದು ಅದರಿಂದ ತಿಳಿಯಿತು. ಮನುಷ್ಯರ ಬೆನ್ನುಹುರಿಗೆ ಇದರಿಂದ ಚಿಕಿತ್ಸೆ ಇನ್ನೂ ಹುಟ್ಟಿಲ್ಲ.

ಇನ್ನು ಕುಷ್ಠಕ್ಕೆ ಮರಳೋಣ. ನಾರ್ವೆಯ ಬರ್ಗನ್ ಊರಿನಲ್ಲಿ ಗೆರ್ಹಾರ್ಡ್ ಹ್ಯಾನ್ಸನ್ 1873ರಲ್ಲಿ ರೋಗಿಯ ಗಂಟಿನೊಳಗೆ ಕಡ್ಡಿಯಂಥ ಸೂಕ್ಷ್ಮಜೀವಿಯನ್ನು ಕಂಡ. ಶಾಪ, ಪೂರ್ವಜನ್ಮದ ಪಾಪ, ವಂಶದ ರೋಗ ಎಂಬ ಮಾತುಗಳಿಗೆಲ್ಲ ಅಂದೇ ತೆರೆ ಬೀಳಬೇಕಿತ್ತು. ಬೀಳಲಿಲ್ಲ, ಅದು ಬೇರೆ ಮಾತು. ಈ ಜೀವಿ ಮಹಾ ನಿಧಾನಿ. ಸಾಧಾರಣ ಬ್ಯಾಕ್ಟೀರಿಯಾ ಅರ್ಧ ಗಂಟೆಯಲ್ಲಿ ಎರಡಾದರೆ ಇದಕ್ಕೆ ಸುಮಾರು ಎರಡು ವಾರ ಬೇಕು. ಹಾಗಾಗಿ ದೇಹ ಹೊಕ್ಕು ರೋಗ ಕಾಣಿಸಿಕೊಳ್ಳಲು ಸರಾಸರಿ ಐದು ವರ್ಷ, ಕೆಲವೊಮ್ಮೆ ಇಪ್ಪತ್ತು ವರ್ಷ. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಇದನ್ನು ಬೆಳೆಸಲು ಇಂದಿಗೂ ಯಾರಿಗೂ ಸಾಧ್ಯವಾಗಿಲ್ಲ. ದೇಹದ ತಂಪಾದ ಜಾಗಗಳೆಂದರೆ ಇದಕ್ಕೆ ಇಷ್ಟ. ಕಿವಿಯ ಹಾಲೆ, ಮೂಗು, ಚರ್ಮ, ಮತ್ತು ಚರ್ಮಕ್ಕೆ ಹತ್ತಿರವಾಗಿ ಹಾಯುವ ನರಗಳು.

ನರದೊಳಗೆ ಅದು ಸೇರಿಕೊಳ್ಳುವುದು ಎಲ್ಲಿ ಗೊತ್ತೇ? ಶ್ವಾನ್ ಕೋಶದೊಳಗೆ. ನರ ಕೆಟ್ಟರೆ ಯಾರು ರಿಪೇರಿ ಮಾಡಬೇಕೋ ಅವರ ಮನೆಯಲ್ಲೇ ಕಳ್ಳ ಬಿಡಾರ ಹೂಡುತ್ತಾನೆ. ಶ್ವಾನ್ ಕೋಶದ ಹೊರಮೈಯಲ್ಲಿ ಲ್ಯಾಮಿನಿನ್ ಎಂಬ ಪ್ರೊಟೀನಿನ ಹೊದಿಕೆಯಿದೆ. ಬ್ಯಾಕ್ಟೀರಿಯಾ ಅದನ್ನೇ ಹಿಡಿಕೆ ಮಾಡಿಕೊಂಡು ಒಳಗೆ ನುಗ್ಗುತ್ತದೆಂದು 1990ರ ದಶಕದ ಕೊನೆಯಲ್ಲಿ ತಿಳಿಯಿತು. 2013ರಲ್ಲಿ ಎಡಿನ್‌ಬರೋದ ಅನುರ ರಂಬುಕ್ಕನ ಅವರ ತಂಡ ಇಲಿಯ ಕೋಶಗಳಲ್ಲಿ ಇನ್ನೂ ಬೆರಗಿನ ಸಂಗತಿ ಕಂಡಿತು. ಒಳಹೊಕ್ಕ ಬ್ಯಾಕ್ಟೀರಿಯಾ ಶ್ವಾನ್ ಕೋಶದ ವಂಶವಾಹಿಗಳ ಕೀಲಿಗಳನ್ನೇ ತಿರುಗಿಸಿ, ಅದು ತನ್ನ ಕಸುಬನ್ನು ಮರೆತು ಕಾಂಡಕೋಶದಂತೆ ಆಗುವ ಹಾಗೆ ಮಾಡುತ್ತದೆ. ಪೆಟ್ಟು ಬಿದ್ದಾಗ ಎಳೆಯದಾಗಲು ಶ್ವಾನ್ ಕೋಶಕ್ಕಿರುವ ಗುಣವನ್ನೇ ಈ ಜೀವಿ ತನ್ನ ಉಪಯೋಗಕ್ಕೆ ಬಳಸಿಕೊಂಡಂತಿದೆ.

ಎಷ್ಟೋ ಸಲ ನರವನ್ನು ಕೊಲ್ಲುವುದು ಬ್ಯಾಕ್ಟೀರಿಯಾಕ್ಕಿಂತ ಹೆಚ್ಚಾಗಿ ದೇಹದ ರಕ್ಷಣಾಪಡೆಯೇ. ಕಳ್ಳನನ್ನು ಹಿಡಿಯಲು ಮನೆಗೇ ಬೆಂಕಿ ಇಟ್ಟ ಹಾಗೆ. 2017ರಲ್ಲಿ ಜೀಬ್ರಾ ಮೀನಿನ ಮರಿಗಳಲ್ಲಿ ನಡೆದ ಪ್ರಯೋಗದಲ್ಲಿ, ಕಸಗುಡಿಸುವ ಕೋಶಗಳು ಬ್ಯಾಕ್ಟೀರಿಯಾದ ಮೇಲೆ ಬಿಟ್ಟ ನೈಟ್ರಿಕ್ ಆಕ್ಸೈಡ್ ಪಕ್ಕದ ನರತಂತುಗಳನ್ನು ಹಾಳುಮಾಡುವುದು ಕಂಡುಬಂತು. ನರ ಊದಿಕೊಂಡರೆ ಇನ್ನೊಂದು ಅಪಾಯ. ಮೊಣಕೈಯ ಒಳಬದಿ ಮೇಜಿನ ಅಂಚಿಗೆ ಬಡಿದಾಗ ಕಿರುಬೆರಳಿನವರೆಗೆ ಝುಮ್ಮೆನ್ನುವುದು ಎಲ್ಲರಿಗೂ ಗೊತ್ತು. ಅಲ್ಲಿ ಅಲ್ನಾರ್ ಎಂಬ ನರ ಎಲುಬಿನ ಸಂದಿನ ಇಕ್ಕಟ್ಟಿನಲ್ಲಿ ಹಾಯುತ್ತದೆ. ಆ ಇಕ್ಕಟ್ಟಿನಲ್ಲಿ ಅದು ಊದಿದರೆ ಹಿಗ್ಗಲು ಜಾಗವಿಲ್ಲ. ಒಳಗೇ ಹಿಸುಕಿ ಸಾಯುತ್ತದೆ. ಕಿರುಬೆರಳು, ಉಂಗುರಬೆರಳು ಮಡಚಿಕೊಳ್ಳುತ್ತವೆ. ಮೊಣಕಾಲಿನ ಪಕ್ಕದ ನರ ಹೋದರೆ ಪಾದ ಎತ್ತಲಾಗದೆ ಜೋಲುತ್ತದೆ. ಮುಖದ ನರ ಹೋದರೆ ರೆಪ್ಪೆ ಮುಚ್ಚುವುದಿಲ್ಲ.

ಈಗ ಬೆರಳು ಮೊಟಕಾಗುವ ಒಗಟಿಗೆ ಬರಬಹುದು. ಇದನ್ನು ಬಿಡಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅವರದು. ತುಕ್ಕು ಹಿಡಿದ ಬೀಗವೊಂದನ್ನು ತೆಗೆಯಲಾಗದೆ ಅವರು ಪರದಾಡುತ್ತಿದ್ದಾಗ, ಕುಷ್ಠಪೀಡಿತ ಹುಡುಗನೊಬ್ಬ ಬಂದು ಸರಕ್ಕನೆ ಕೀಲಿ ತಿರುಗಿಸಿದನಂತೆ. ಇಷ್ಟು ಬಲ ಎಲ್ಲಿಂದ ಬಂತೆಂದು ಕೈ ನೋಡಿದರೆ ಬೆರಳಿನ ಚರ್ಮ ಹರಿದು ರಕ್ತ ಸುರಿಯುತ್ತಿತ್ತು. ಹುಡುಗನಿಗೆ ಗೊತ್ತೇ ಇರಲಿಲ್ಲ. ಬಲ ಹೆಚ್ಚಿದ್ದಲ್ಲ, ನಿಲ್ಲಿಸು ಎನ್ನುವ ನೋವು ಇರಲಿಲ್ಲ. ರೋಗಿಗಳು ಕೆಲಸ ಮಾಡುವುದನ್ನು ದಿನಗಟ್ಟಲೆ ಗಮನಿಸಿದ ಬ್ರ್ಯಾಂಡ್ ಮತ್ತು ಜೊತೆಗಾರರಿಗೆ ಪ್ರತಿ ಗಾಯಕ್ಕೂ ಒಂದು ಸಾಧಾರಣ ಕಾರಣ ಸಿಗುತ್ತ ಹೋಯಿತು. ಬಿಸಿ ಪಾತ್ರೆ, ಗುದ್ದಲಿಯ ಹಿಡಿ, ಚಪ್ಪಲಿಯ ಮೊಳೆ. ರಾತ್ರಿ ಮಲಗಿದ್ದಾಗ ಇಲಿ ಕಡಿದು ಹೋದದ್ದೂ ಉಂಟು.

ಮಂಗಳೂರಿನ ಯಾವುದೇ ಅಡಿಗೆಮನೆಯಲ್ಲಿ ನೀರುದೋಸೆಯ ಕಾವಲಿ ಬೆರಳಿಗೆ ತಾಗಿದರೆ ಕೈ ತಾನಾಗಿ ಹಿಂದೆ ಬರುತ್ತದೆ. ಬಂದದ್ದು ತಿಳಿಯುವ ಮೊದಲೇ ಬರುತ್ತದೆ. ನರ ಸತ್ತ ಕೈ ಅಲ್ಲೇ ಇರುತ್ತದೆ. ಚರ್ಮ ಸುಟ್ಟ ವಾಸನೆ ಬಂದಾಗಲೇ ಗೊತ್ತಾಗುವುದು. ಬೀಡಿ ಕಟ್ಟುವವರ ಬೆರಳು ದಿನವಿಡೀ ಎಲೆಯನ್ನೂ ಕತ್ತರಿಯನ್ನೂ ಹಿಡಿದು ದಣಿದಾಗ ನೋಯುತ್ತದೆ. ಆಗ ಅವರು ಹಿಡಿತ ಬದಲಿಸುತ್ತಾರೆ, ಸ್ವಲ್ಪ ಹೊತ್ತು ಕೈ ಕೊಡವುತ್ತಾರೆ. ನೋವಿಲ್ಲದ ಬೆರಳು ಒಂದೇ ಜಾಗದಲ್ಲಿ ಸವೆಯುತ್ತದೆ. ಬೆವರಿನ ಗ್ರಂಥಿಗಳ ನರವೂ ಸತ್ತಿರುವುದರಿಂದ ಚರ್ಮ ಒಣಗಿ ಬಿರಿಯುತ್ತದೆ. ಬಿರುಕಿಗೆ ಕೀವು, ಕೀವು ಎಲುಬಿಗೆ, ಎಲುಬು ಸ್ವಲ್ಪ ಸ್ವಲ್ಪವೇ ಕರಗಿ ದೇಹದೊಳಗೇ ಇಂಗುತ್ತದೆ. ಹೀಗೆ ಹತ್ತಾರು ಸಲ ಆದಾಗ ಬೆರಳು ಗಿಡ್ಡವಾಗುತ್ತದೆ. 1890ರಲ್ಲಿ ಕಂಕನಾಡಿಗೆ ಬಂದವರ ಕೈಗಳು ಹಾಗಾದದ್ದು ಹೀಗೆ. ಇಂದು ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡ ಅಜ್ಜ ಅಜ್ಜಿಯರ ಕಾಲಿನಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ. ಅವರನ್ನು ಯಾರೂ ಊರಾಚೆ ಇಡುವುದಿಲ್ಲ.

ಕುಷ್ಠಕ್ಕೆ ಖಚಿತ ಔಷಧಿ ಈಗ ಇದೆ. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಾಜಿಮಿನ್ ಸೇರಿದ ಬಹುಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿತು. ರೋಗದ ಬಗೆ ನೋಡಿ ಆರು ತಿಂಗಳು ಅಥವಾ ಒಂದು ವರ್ಷದ ಮಾತ್ರೆ. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಪೂರ್ತಿ ಉಚಿತ. ರಿಫಾಂಪಿಸಿನ್‌ನ ಮೊದಲ ಡೋಸಿಗೇ ಬ್ಯಾಕ್ಟೀರಿಯಾಗಳ ಬಹುಪಾಲು ಸಾಯುವುದರಿಂದ ರೋಗಿಯಿಂದ ಇತರರಿಗೆ ಹರಡುವುದು ಬೇಗನೆ ನಿಲ್ಲುತ್ತದೆ. ನೂರರಲ್ಲಿ 95ಕ್ಕೂ ಹೆಚ್ಚು ಜನರಿಗೆ ಹುಟ್ಟಿನಿಂದಲೇ ಇದರ ವಿರುದ್ಧ ಶಕ್ತಿಯಿದೆ ಎಂಬುದನ್ನೂ ನೆನಪಿಡಬೇಕು. ಕೈ ಕುಲುಕಿದರೆ, ಒಂದೇ ಬೆಂಚಿನಲ್ಲಿ ಕುಳಿತರೆ ಅಂಟುವ ರೋಗವಲ್ಲ ಇದು.

ಆದರೆ ಮಾತ್ರೆ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಸತ್ತ ನರವನ್ನು ಅದು ಎಬ್ಬಿಸದು. ಎಬ್ಬಿಸಬೇಕಾದುದು ಆ ದಿನಕ್ಕೊಂದು ಮಿಲಿಮೀಟರಿನ ಕುಡಿ. ಮೊಣಕೈಯಲ್ಲಿ ನರ ಕೆಟ್ಟರೆ ಅಂಗೈಯ ಸ್ನಾಯುಗಳಿಗೆ ಸುಮಾರು 300 ಮಿಲಿಮೀಟರ್ ದೂರ, ಅಂದರೆ ಹತ್ತು ತಿಂಗಳ ಪಯಣ. ಒಂದೂವರೆ ವರ್ಷದೊಳಗೆ ನರ ತಲುಪದಿದ್ದರೆ ಸ್ನಾಯು ಬತ್ತಿ ನಾರಾಗತೊಡಗುತ್ತದೆ, ಆಮೇಲೆ ತಲುಪಿದರೂ ಪ್ರಯೋಜನ ಕಡಿಮೆ. ಅದೂ ದಾರಿ ನೆಟ್ಟಗಿದ್ದರೆ. ಕತ್ತಿಯಿಂದ ಕಡಿದ ನರದಲ್ಲಿ ಶ್ವಾನ್ ಕೋಶಗಳು ಆರೋಗ್ಯವಾಗಿರುತ್ತವೆ, ದಾರಿ ಹಾಸುತ್ತವೆ. ವರ್ಷಗಟ್ಟಲೆ ಕುಷ್ಠಕ್ಕೆ ಸಿಕ್ಕ ನರದಲ್ಲಿ ಅವೇ ರೋಗಗ್ರಸ್ತ, ಕೊಳವೆಗಳ ಜಾಗದಲ್ಲಿ ಗಾಯದ ನಾರು ತುಂಬಿರುತ್ತದೆ. ಕುಡಿಯನ್ನು ಕರೆಯುವ ನರ್ವ್ ಗ್ರೋತ್ ಫ್ಯಾಕ್ಟರ್ ಎಂಬ ಪ್ರೊಟೀನೂ ಆ ಚರ್ಮದಲ್ಲಿ ಕಡಿಮೆ. (ಇದನ್ನು ಕಂಡುಹಿಡಿದ ಇಟಲಿಯ ರೀಟಾ ಲೆವಿ-ಮೊಂಟಾಲ್ಚಿನಿ, ಮುಸೊಲಿನಿಯ ಕಾಲದಲ್ಲಿ ಯಹೂದಿಯೆಂಬ ಕಾರಣಕ್ಕೆ ಕೆಲಸ ಕಳೆದುಕೊಂಡು, ಮಲಗುವ ಕೋಣೆಯಲ್ಲೇ ಕೋಳಿಮೊಟ್ಟೆ ಇಟ್ಟುಕೊಂಡು ಸಂಶೋಧನೆ ನಡೆಸಿದಾಕೆ. 1986ರಲ್ಲಿ ನೊಬೆಲ್ ಬಂತು.) ಅಡಿಕೆ ಮರವೇ ಬಿದ್ದ ಮೇಲೆ ಬಳ್ಳಿ ಎಲ್ಲಿ ಏರೀತು?

ಹಾಗಾಗಿ ಇಲ್ಲಿ ಎಲ್ಲವೂ ನಿಂತಿರುವುದು ಎಷ್ಟು ಬೇಗ ಗುರುತಿಸಿದರು ಎಂಬುದರ ಮೇಲೆ. ತಂದೆತಾಯಿಗಳು ಮಕ್ಕಳಿಗೆ ಸ್ನಾನ ಮಾಡಿಸುವಾಗ ಕಾಣಬಹುದಾದದ್ದು ಇಷ್ಟೇ: ಮೈಬಣ್ಣಕ್ಕಿಂತ ತುಸು ಮಾಸಲಾದ ಅಥವಾ ಕೆಂಪಾದ ಮಚ್ಚೆ. ತುರಿಸುವುದಿಲ್ಲ, ನೋಯುವುದಿಲ್ಲ, ತಿಂಗಳುಗಟ್ಟಲೆ ಹೋಗುವುದೂ ಇಲ್ಲ. ಅಲ್ಲಿ ಬೆವರು ಕಡಿಮೆ, ರೋಮ ಉದುರಿರಬಹುದು. ಮಗು ಕಣ್ಣು ಮುಚ್ಚಿದಾಗ ಹತ್ತಿಯ ಎಳೆಯನ್ನು ಸೋಕಿಸಿದರೆ ಎಲ್ಲಿ ಎಂದು ತೋರಿಸಲಾಗುವುದಿಲ್ಲ. ಮುಖದ ಮಚ್ಚೆಯಲ್ಲಿ ಮಾತ್ರ ಸ್ಪರ್ಶ ಉಳಿದಿರಬಹುದು, ಅಲ್ಲಿ ನರಗಳು ಅಷ್ಟು ದಟ್ಟ. ಇಂಥ ಮಚ್ಚೆಗಳಲ್ಲಿ ಹೆಚ್ಚಿನವು ಚಿಬ್ಬೋ ಇನ್ನೊಂದೋ ಆಗಿರುತ್ತವೆ, ಗಾಬರಿ ಬೇಡ. ತೊನ್ನು ಹಾಲಿನಂತೆ ಬೆಳ್ಳಗಿರುತ್ತದೆ, ಅದಕ್ಕೂ ಕುಷ್ಠಕ್ಕೂ ಯಾವ ಸಂಬಂಧವೂ ಇಲ್ಲ. ಅನುಮಾನವಿದ್ದರೆ ವೈದ್ಯರಿಗೆ ತೋರಿಸಬೇಕು, ಜಂತುಹುಳುವಿನ ಮಚ್ಚೆ ಎಂದು ಮನೆಯಲ್ಲೇ ತೀರ್ಮಾನಿಸಬಾರದು. ಮನೆಯಲ್ಲಿ ಯಾರಿಗಾದರೂ ರೋಗ ಪತ್ತೆಯಾದರೆ ಉಳಿದವರಿಗೆ ಮುಂಜಾಗ್ರತೆಯಾಗಿ ರಿಫಾಂಪಿಸಿನ್‌ನ ಒಂದು ಡೋಸ್ ಕೊಡುವ ಕ್ರಮವೂ ಈಗ ಇದೆ.

ಚಿಕಿತ್ಸೆ ನಡೆಯುತ್ತಿರುವಾಗ, ಕೆಲವೊಮ್ಮೆ ಮುಗಿದ ಮೇಲೂ, ಮಚ್ಚೆ ಕೆಂಪಗೆ ಉಬ್ಬಿ ನರ ನೋಯತೊಡಗಬಹುದು. ಔಷಧಿ ತಪ್ಪಾಯಿತೆಂದು ಹಲವರು ಮಾತ್ರೆ ನಿಲ್ಲಿಸಿಬಿಡುತ್ತಾರೆ. ಅದು ಸತ್ತ ಬ್ಯಾಕ್ಟೀರಿಯಾಗಳ ವಿರುದ್ಧವೂ ರಕ್ಷಣಾಪಡೆ ನಡೆಸುವ ಕಾದಾಟ. ಕೂಡಲೇ ಆಸ್ಪತ್ರೆಗೆ ಹೋದರೆ ಸ್ಟಿರಾಯ್ಡ್ ಕೊಟ್ಟು ಊತ ಇಳಿಸಿ ನರವನ್ನು ಉಳಿಸಿಕೊಳ್ಳುತ್ತಾರೆ. ನರ ಕೆಟ್ಟು ಆರು ತಿಂಗಳೊಳಗೆ ಬಂದವರಲ್ಲಿ ಸ್ಪರ್ಶವೂ ಬಲವೂ ಮರಳುವ ಸಾಧ್ಯತೆ ಚೆನ್ನಾಗಿದೆ. ತಡವಾದಷ್ಟೂ ಅದು ಕ್ಷೀಣ.

ತಡವಾಗುವುದಕ್ಕೆ ಮುಖ್ಯ ಕಾರಣ ಬ್ಯಾಕ್ಟೀರಿಯಾ ಅಲ್ಲ, ನಾಚಿಕೆ. ಯಾರಾದರೂ ನೋಡಿಯಾರು ಎಂದು ಮಚ್ಚೆಯನ್ನು ಮುಚ್ಚಿಟ್ಟುಕೊಂಡು ತಿಂಗಳುಗಳನ್ನು ಕಳೆಯುತ್ತಾರೆ. ನಾಚಿಕೆಗೆ ಕಾನೂನಿನ ಬೆಂಬಲವೂ ಇತ್ತು. ರೋಗಿಗಳನ್ನು ಹಿಡಿದು ಕೂಡಿಹಾಕಲು ಅವಕಾಶವಿದ್ದ 1898ರ ಕಾಯಿದೆ ರದ್ದಾದದ್ದು 2016ರಲ್ಲಿ. ಕುಷ್ಠವಿದೆಯೆಂಬ ಕಾರಣಕ್ಕೆ ವಿಚ್ಛೇದನ ಕೊಡಬಹುದೆಂಬ ವಿಧಿಯನ್ನು ಸಂಸತ್ತು ತೆಗೆದುಹಾಕಿದ್ದು 2019ರಲ್ಲಿ. ಔಷಧಿ ಬಂದು ಆಗಲೇ ಮೂವತ್ತೆಂಟು ವರ್ಷವಾಗಿತ್ತು! 2005ರ ಕೊನೆಗೆ ಭಾರತದಲ್ಲಿ ರೋಗಿಗಳ ಪ್ರಮಾಣ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿದಾಗ, ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಕುಷ್ಠ ನಿವಾರಣೆಯಾಯಿತೆಂದು ಘೋಷಿಸಲಾಯಿತು. ರೋಗವೇ ಹೋಯಿತೆಂದು ಅನೇಕರು ಅರ್ಥ ಮಾಡಿಕೊಂಡರು. 2023ರಲ್ಲಿಯೂ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೊಸ ರೋಗಿಗಳು ಪತ್ತೆಯಾಗಿದ್ದಾರೆ, ಜಗತ್ತಿನ ಒಟ್ಟು ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ.

ನರ ಮರಳದವರಿಗೂ ದಾರಿಗಳಿವೆ. ಬ್ರ್ಯಾಂಡ್ ವೆಲ್ಲೂರಿನಲ್ಲಿ 1940ರ ದಶಕದ ಕೊನೆಗೆ ಆರಂಭಿಸಿದ ಶಸ್ತ್ರಕ್ರಿಯೆಯಲ್ಲಿ, ಇನ್ನೂ ಕೆಲಸ ಮಾಡುತ್ತಿರುವ ಸ್ನಾಯುವೊಂದರ ಹುರಿಯನ್ನು ಬಿಡಿಸಿ ಮಡಚಿಹೋದ ಬೆರಳಿಗೆ ಜೋಡಿಸುತ್ತಾರೆ. ಬೆರಳು ಮತ್ತೆ ನೀಳವಾಗುತ್ತದೆ, ಅನ್ನ ಕಲಸಬಹುದು, ಪೆನ್ನು ಹಿಡಿಯಬಹುದು. ಸ್ಪರ್ಶ ಮಾತ್ರ ಬರುವುದಿಲ್ಲ. ಅದರ ಕೆಲಸವನ್ನು ಕಣ್ಣು ಮಾಡಬೇಕು. ಬಿಸಿ ಪಾತ್ರೆಗೆ ದಪ್ಪ ಬಟ್ಟೆ, ಲೋಟಕ್ಕೆ ಮರದ ಹಿಡಿ. ಸಂಜೆ ಕೈಕಾಲನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಒರಟು ಚರ್ಮ ಉಜ್ಜಿ, ಎಣ್ಣೆ ಹಚ್ಚಿ, ಅಂಗಾಲನ್ನು ಬೆಳಕಿಗೆ ಹಿಡಿದು ನೋಡಬೇಕು. ಮೃದುವಾದ ಮೈಕ್ರೋಸೆಲ್ಯುಲರ್ ರಬ್ಬರಿನ ಕಪ್ಪು ಚಪ್ಪಲಿಯನ್ನು ಸರಕಾರವೇ ಉಚಿತವಾಗಿ ಕೊಡುತ್ತದೆ. ಮೊಳೆ ಹೊಡೆಯದೆ ಅಂಟಿನಿಂದಲೇ ಮಾಡಿದ ಚಪ್ಪಲಿ ಅದು. ಹಾಕಿಕೊಳ್ಳುವ ಮೊದಲು ಅದನ್ನು ಕೊಡವಿ, ಒಳಗೆ ಕಲ್ಲಿದೆಯೇ ಎಂದು ಕೈಯಾಡಿಸಿ ಅಲ್ಲ, ಕಣ್ಣಿನಿಂದ ನೋಡಬೇಕು.